ಕೋವಿಯನ್ನಿಟ್ಟು ಮರಕ್ಕೆ ಬಂದವನ ಮರ್ಯಾದೆ

ಸೈನ್ಯದಲ್ಲಿ ಸೇವೆ ಮಾಡಿ ಬಂದವನು ಊರಿನಲ್ಲಿ ಮರದ ಕೆಲಸಕ್ಕೆ ಕೈಯಿಕ್ಕಿದರೆ ಅದು ಅವನಿಗೆ ಇಳಿತವೋ? ಈ ಪ್ರಶ್ನೆಯು ಸಣ್ಣದೆಂದು ಕಾಣಬಹುದು. ಆದರೆ ಉಡುಪಿ, ಕಾಪು, ಕಾರ್ಕಳ ಸೀಮೆಗಳ ಹಳ್ಳಿಮನೆಗಳಲ್ಲಿ ಇದು ತಾಯಿಯ ಕಣ್ಣೀರಿಗೂ, ಮದುವೆಯ ಮಾತು ಮುರಿಯುವದಕ್ಕೂ ಕಾರಣವಾಗಬಲ್ಲದು. ಆದಕಾರಣ, ಪ್ರಿಯ ವಾಚಕರೇ, ಇದನ್ನು ಸಾವಧಾನವಾಗಿ ವಿಚಾರಿಸೋಣ.

ಒಬ್ಬ ಯೌವನಸ್ಥನು 19ನೆಯ ವಯಸ್ಸಿನಲ್ಲಿ ಸೈನ್ಯಕ್ಕೆ ಸೇರಿದನೆಂದು ಭಾವಿಸಿರಿ. ಸಾಮಾನ್ಯ ಸಿಪಾಯಿಗೆ 15 ವರುಷಗಳ ಸೇವೆಯಾದರೆ ಪಿಂಚಣಿಯ ಹಕ್ಕು ದೊರೆಯುತ್ತದೆ. ಆಗ ಅವನಿಗೆ 34 ವರುಷ ಪ್ರಾಯ. ಅರ್ಧ ಆಯುಸ್ಸು ಇನ್ನೂ ಮುಂದಿದೆ. 2022ರಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯ ಪ್ರಕಾರ ಸೇರಿದವರ ಸಂಗತಿಯು ಇನ್ನೂ ಬೇರೆ. ಅವರ ಅವಧಿಯು ನಾಲ್ಕೇ ವರುಷ. ಆ ಮೇಲೆ ನೂರರಲ್ಲಿ 25 ಮಂದಿಯ ತನಕ ಮಾತ್ರ ಸೈನ್ಯದಲ್ಲಿ ಉಳಿಯುವರೆಂದೂ, ಮಿಕ್ಕವರು ಪಿಂಚಣಿಯಿಲ್ಲದೆ ಮನೆಗೆ ಬರುವರೆಂದೂ ಆ ಯೋಜನೆಯು ಹೇಳಿತು. ಹೀಗೆ ಬಂದವರು ಏನು ಮಾಡಬೇಕು? ಮಣಿಪಾಲದ ಒಂದು ಬ್ಯಾಂಕಿನ ಬಾಗಿಲಲ್ಲಿಯೋ ಕಾಲೇಜಿನ ಬಾಗಿಲಲ್ಲಿಯೋ ಕಾವಲುಗಾರನಾಗಿ ನಿಂತರೆ ಯಾರೂ ಏನೂ ಹೇಳುವದಿಲ್ಲ. ಅಲ್ಲಿ ಬೇರೊಂದು ಸಮವಸ್ತ್ರ ಉಂಟು. ಆದರೆ ಅವನು, "ನಾನು ಮರ ಹತ್ತುವದನ್ನೂ ಕೊಂಬೆ ಕಡಿಯುವದನ್ನೂ ಸಸಿ ಬೆಳೆಸುವದನ್ನೂ ಕಲಿತು ಅದರಿಂದಲೇ ಜೀವಿಸುವೆನು" ಎಂದು ಹೇಳಲಿ. ಕೂಡಲೇ ಹಿರಿಯರ ಮುಖ ಬಾಡುತ್ತದೆ. "ಇಷ್ಟು ವರುಷ ಗಡಿ ಕಾದವನು ಇನ್ನು ಊರವರ ತೆಂಗಿನ ಮರ ಹತ್ತುವದೋ?" ಎನ್ನುತ್ತಾರೆ.

ಈ ನಾಚಿಕೆಯು ಎಲ್ಲಿಂದ ಬಂತು? ಮರದಿಂದ ಬಂದದ್ದಲ್ಲ. ತೆಂಗಿನಕಾಯಿಯನ್ನು ನಾಚಿಕೆಯೆಂದು ಎಣಿಸುವ ಮನೆ ನಮ್ಮ ಕರಾವಳಿಯಲ್ಲಿ ಒಂದೂ ಇಲ್ಲ. ಆದರೆ ಕಾಯಿ ತಿನ್ನುವವರು ಮೇಲಿನವರೆಂದೂ, ಅದನ್ನು ಕೀಳುವದಕ್ಕೆ ಮರ ಹತ್ತುವವನು ಕೆಳಗಿನವನೆಂದೂ ಹಿಂದಿನ ಕಾಲದಿಂದ ಒಂದು ಕ್ರಮ ನಡೆದುಬಂತು. ಮರ ಹತ್ತುವವನಿಗೆ "ನೀನು" ಎಂಬ ಏಕವಚನ, ಹಿತ್ತಲ ಬಾಗಿಲಲ್ಲಿ ಕೂಲಿ. ಈ ಕ್ರಮವನ್ನು ಜಾತಿಯು ಮಾಡಿತೇ ಹೊರತು ದೇವರು ಮಾಡಲಿಲ್ಲ.

ಇಲ್ಲಿ ನಮ್ಮ ಸಭೆಗಳ ಪೂರ್ವಚರಿತ್ರೆಯನ್ನು ನೆನಪಿಗೆ ತರುವದು ಯುಕ್ತ. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರು; ಆ ಮೇಲೆ ಉಡುಪಿಯಲ್ಲಿಯೂ ಅವರ ಸ್ಥಾನ ಸ್ಥಾಪಿತವಾಯಿತು. ತುಳುನಾಡಿನಲ್ಲಿ ಮೊದಲು ಸಭೆಗೆ ಸೇರಿದವರಲ್ಲಿ ಬಹುಮಂದಿ ಬಿಲ್ಲವರು. ಅವರಲ್ಲಿ ಅನೇಕರ ಕಸುಬು ಮೂರ್ತೆ, ಅಂದರೆ ಮರ ಹತ್ತಿ ಕಳ್ಳಿಳಿಸುವದು. ಕಳ್ಳಿನಿಂದ ನೆರೆಯವನ ಮನೆ ಕೆಡುತ್ತದೆಂದು ಕಂಡು ಅವರು ಆ ಕಸುಬನ್ನು ಬಿಟ್ಟರು. ಹೊಟ್ಟೆಗೆ ಬೇರೆ ದಾರಿಯಾಗಿ ಮಗ್ಗಗಳೂ ಹಂಚಿನ ಕಾರ್ಖಾನೆಗಳೂ ಬಂದವು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕೆಲಸ ಪ್ರಾರಂಭವಾಯಿತು. ಮಲ್ಪೆಯಲ್ಲಿಯೂ ಅಂಥ ಕಾರ್ಖಾನೆ ಎದ್ದಿತು. ಅವರು ಬಿಟ್ಟದ್ದು ಏನನ್ನು? ಕಳ್ಳನ್ನು, ಮರವನ್ನಲ್ಲ. ಆದರೆ ಮೊಮ್ಮಕ್ಕಳ ಕಾಲದಲ್ಲಿ ಈ ಭೇದವು ಮಸುಕಾಯಿತು. ಮರದಿಂದ ಇಳಿದದ್ದೇ ಒಂದು ದೊಡ್ಡ ಏರಿಕೆಯೆಂದು ಅನೇಕರು ತಿಳಿದುಕೊಂಡರು.

ಇನ್ನೊಂದು ಸಂಗತಿಯೂ ಉಂಟು. ಮಂಗಳೂರಿನ ಬಲ್ಮಠದ ನೇಯ್ಗೆಯ ಮನೆಯಲ್ಲಿ ಹಾಲರ್ ಎಂಬವರ ಕೈಕೆಳಗೆ 1850ರ ದಶಕದಲ್ಲಿ ಖಾಕಿ ಬಣ್ಣದ ಬಟ್ಟೆಯನ್ನು ನೇಯುತ್ತಿದ್ದರು. ಸಿಪಾಯಿಗೆ ಮರ್ಯಾದೆ ತಂದ ಬಣ್ಣವು ಇದೇ ಅಲ್ಲವೋ? ಹೀಗಿರಲಾಗಿ ಕೈಕೆಲಸದವನನ್ನು ಕೀಳೆಂದೂ ಸಮವಸ್ತ್ರದವನನ್ನು ಮೇಲೆಂದೂ ಎಣಿಸುವದಕ್ಕೆ ಮಿಕ್ಕವರಿಗಿಂತ ನಮಗೆ ಕಡಿಮೆ ನ್ಯಾಯ ಉಂಟು. ಆ ವಸ್ತ್ರವೂ ಕೈಕೆಲಸದಿಂದಲೇ ಹುಟ್ಟಿತು.

ಹಾಗಾದರೆ ಕೆಲಸದ ಗೌರವವನ್ನು ಯಾವದರಿಂದ ಅಳೆಯಬೇಕು? ಮೊದಲನೆಯದಾಗಿ, ನೆರೆಯವನ ಅಗತ್ಯದಿಂದ. ನಾನು ಈ ಕೆಲಸವನ್ನು ನಿಲ್ಲಿಸಿದರೆ ಯಾರಿಗೆ ಕಷ್ಟವಾದೀತು ಎಂದು ಕೇಳಿಕೊಳ್ಳಬೇಕು. ತೆಂಗಿನ ಮರದಿಂದ ಸುಮಾರು 45 ದಿನಗಳಿಗೊಮ್ಮೆ ಕಾಯಿ ಕೀಳಬೇಕು. ಹತ್ತುವವರಿಲ್ಲದೆ ಕಾಯಿ ತಾನಾಗಿ ಬೀಳುವ ತನಕ ಕಾಯುವ ವಿಧವೆಯರೂ ವೃದ್ಧರೂ ಹಳ್ಳಿಗಳಲ್ಲಿ ಇದ್ದಾರೆ. ಕಾರ್ಕಳದ ಕಡೆಯ ಅಡಿಕೆ ತೋಟಗಳಲ್ಲಿ ಕೊಳೆರೋಗ ಬಾರದಂತೆ ಮಳೆ ಹಿಡಿಯುವ ಮೊದಲೇ ಗೊನೆಗಳಿಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸಬೇಕು. ಸುಮಾರು 40 ದಿನಗಳಾದ ಮೇಲೆ ಪುನಃ ಸಿಂಪಡಿಸಬೇಕು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಇದನ್ನು ಕಲಸುವದು ಕಷ್ಟವಲ್ಲ, ಮರದ ತುದಿಗೆ ಮುಟ್ಟಿಸುವ ಆಳು ಸಿಕ್ಕುವದು ಕಷ್ಟ. ಆಳು ಬಾರದಿದ್ದರೆ ವರುಷದ ಫಸಲು ಹದಿನೈದು ದಿನಗಳ ಮಳೆಯಲ್ಲಿ ಉದುರಿಹೋದೀತು. ಈ ಕೊರತೆಯನ್ನು ಕಂಡೇ ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ, ತೆಂಗಿನ ಮರದ ಸ್ನೇಹಿತರು ಎಂಬ ಹೆಸರಿನಿಂದ, ಯಂತ್ರದ ಮೂಲಕ ಮರ ಹತ್ತುವದನ್ನು ಕಲಿಸುವ ತರಬೇತಿಯನ್ನು ಆರಂಭಿಸಿತು. ನಮ್ಮ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ಇಂಥ ತರಬೇತಿ ನಡೆದದ್ದುಂಟು. ಗಡಿಯನ್ನು ಕಾಯುವವನು ನೆರೆಯವನಿಗಾಗಿ ಕಾಯುವದು ನಿಜವಾದರೆ, ನೆರೆಯವನ ಫಸಲನ್ನು ಉಳಿಸುವವನು ಬೇರೆ ಏನು ಮಾಡುತ್ತಾನೆ?

ಎರಡನೆಯದಾಗಿ, ಸೈನ್ಯದಿಂದ ಬಂದವನು ತನ್ನ ಸಂಗಡ ಏನನ್ನು ತರಬೇಕು ಎಂಬದನ್ನು ನೋಡೋಣ. ಹೊತ್ತಿಗೆ ಸರಿಯಾಗಿ ಬರುವದು, ಆಯುಧವನ್ನು ಒರಸಿ ಹರಿತಮಾಡಿ ಇಡುವದು, ಹಗ್ಗವನ್ನು ನಂಬುವ ಮೊದಲು ಪರೀಕ್ಷಿಸುವದು, ಕೆಳಗೆ ನಿಂತ ಜೊತೆಗಾರನ ಜೀವವನ್ನು ತನ್ನದರಂತೆ ನೋಡುವದು, ಇವೆಲ್ಲ ಮರದ ಕೆಲಸಕ್ಕೆ ಬೇಕೇ ಬೇಕು. ಮರದಿಂದ ಬಿದ್ದವನ ಮನೆಯ ದುಃಖವನ್ನು ನಾವೆಲ್ಲರೂ ಬಲ್ಲೆವು. "ನನಗೆ ಏನೂ ಆಗದು" ಎಂಬ ಧೈರ್ಯವು ಧೈರ್ಯವಲ್ಲ, ಅಜಾಗ್ರತೆ. ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳುವದೂ, ವಿಮೆ ಮಾಡಿಸುವದೂ, ಮಳೆಗೆ ನೆನೆದು ಜಾರುವ ಮರವನ್ನು ಹತ್ತಲಾರೆನೆಂದು ಹೇಳುವದೂ ಹೇಡಿತನವಲ್ಲ. ಹೆಂಡತಿಮಕ್ಕಳಿಗೆ ಸಲ್ಲತಕ್ಕ ಕರ್ತವ್ಯ.

ಸೈನಿಕರು ಮರದ ಕೆಲಸ ಮಾಡಬಲ್ಲರೆಂಬದಕ್ಕೆ ದೃಷ್ಟಾಂತವೂ ಉಂಟು. ಮಸ್ಸೂರಿಯ ಬೆಟ್ಟಗಳು ಸುಣ್ಣಕಲ್ಲಿನ ಗಣಿಗಳಿಂದ ಬೋಳಾಗಿದ್ದಾಗ, 1982ರಲ್ಲಿ ಗಢವಾಲ ರೈಫಲ್ಸಿಗೆ ಸೇರಿದ 127ನೆಯ ಪ್ರಾದೇಶಿಕ ಸೇನಾದಳವನ್ನು ಗಿಡ ನೆಡುವ ಕೆಲಸಕ್ಕೆಂದೇ ಕಟ್ಟಿದರು. ಅದರಲ್ಲಿ ಸೇರಿದವರು ಸೈನ್ಯದಿಂದ ನಿವೃತ್ತರಾದ ಅದೇ ಬೆಟ್ಟನಾಡಿನ ಜನರು. ಅವರು ಹಳ್ಳ ತೋಡಿ, ನೀರು ಹೊತ್ತು, ಸಸಿ ಕಾದು ಆ ಇಳಿಜಾರುಗಳಿಗೆ ಪುನಃ ಹಸುರನ್ನು ತಂದರು. ಇದು ಹೊಗಳತಕ್ಕದ್ದೇ. ಆದರೂ ಅವರ ಮೈಮೇಲೆ ಸಮವಸ್ತ್ರವು ಇತ್ತೆಂಬದನ್ನು ಮರೆಯಬಾರದು. ಜನರು ಅವರನ್ನು ಸೈನಿಕರೆಂದೇ ಕರೆದರು. ನಮ್ಮ ಊರಿನವನಿಗೆ ಆ ಆಸರೆ ಇಲ್ಲ. ಅವನು ಮುಂಡಾಸು ಕಟ್ಟಿ ಮೊಣಕಾಲಿನ ತನಕ ಬಟ್ಟೆ ಎತ್ತಿ ಮರದ ಬುಡದಲ್ಲಿ ನಿಲ್ಲಬೇಕು. ಸಮವಸ್ತ್ರದ ಮರ್ಯಾದೆಯು ಸರಕಾರ ಕೊಟ್ಟ ಸಾಲ. ಬಟ್ಟೆಯ ಸಂಗಡ ಅದನ್ನೂ ಹಿಂದೆ ಕೊಡಬೇಕಾಗುತ್ತದೆ. ಆ ಮೇಲೆ ಉಳಿಯುವದೇ ಅವನ ಸ್ವಂತದ್ದು.

ಮೂರನೆಯದಾಗಿ, ಅವನು ಬಿಟ್ಟುಬರತಕ್ಕದ್ದೂ ಒಂದುಂಟು. ಅದು ಅಪ್ಪಣೆಯ ಬಲ. 1806ರಲ್ಲಿ ಕಂಪೆನಿ ಸರಕಾರದವರು ಪೊಲೀಸು ಸೇವೆಯಲ್ಲಿದ್ದ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಅರಣ್ಯಗಳ ಸಂರಕ್ಷಕನಾಗಿ ನೇಮಿಸಿದರು. ಹಿಂದುಸ್ಥಾನದಲ್ಲಿ ಆ ಹೆಸರಿನ ಉದ್ಯೋಗಕ್ಕೆ ಅವನೇ ಮೊದಲಿಗನು. ಹಡಗುಗಳಿಗೆ ಬೇಕಾದ ಸಾಗುವಾನಿಯನ್ನು ಅವನು ಮಲಬಾರು ತಿರುವಾಂಕೂರುಗಳಿಂದ ಬೇಗನೆ ಅಗ್ಗವಾಗಿ ಒದಗಿಸಿದನು. ಹೇಗೆಂದರೆ ಮರದ ವ್ಯಾಪಾರವನ್ನೆಲ್ಲ ಸರಕಾರದ ಕೈಗೇ ಹಿಡಿದುಕೊಟ್ಟನು. ಕಾಡಿನ ಒಡೆಯರೂ ಜನರೂ ಬೇಸತ್ತು ದೂರಿಕೊಂಡದ್ದರಿಂದ ಮನ್ರೋ ಸಾಹೇಬನು ಗವರ್ನರನಾಗಿದ್ದಾಗ, 1823ರಲ್ಲಿ, ಆ ಉದ್ಯೋಗವನ್ನೇ ತೆಗೆದುಹಾಕಬೇಕಾಯಿತು. ಅವನ ಹೆಸರು ಸಂರಕ್ಷಕ. ಮಾಡಿದ ಕೆಲಸ ಮರ ಸಾಗಿಸುವದು. ಅಪ್ಪಣೆಯಿಂದ ಮರವನ್ನು ಬೀಳಿಸಬಹುದು, ಬೆಳೆಸಲಾಗದು. ಎತ್ತರದ ಜಾತಿಯ ತೆಂಗು ಫಲಕ್ಕೆ ಬರಬೇಕಾದರೆ ಆರೇಳು ವರುಷ ಬೇಕು; ಸಾಗುವಾನಿ ಬಲಿಯಬೇಕಾದರೆ 50 ವರುಷಗಳಿಗೂ ಮಿಕ್ಕಿ ಬೇಕು. ನೆಟ್ಟವನು ತನ್ನ ಮಗನಿಗಾಗಿ ಅಲ್ಲ, ಯಾರ ಮಗನಿಗೋ ನೆಡುತ್ತಾನೆ. ಮಣಿಪಾಲವು ಮೊದಲು ಬೋಳು ಮುರಕಲ್ಲಿನ ಗುಡ್ಡವಾಗಿತ್ತು. 1953ರಲ್ಲಿ ಅಲ್ಲಿ ವೈದ್ಯ ಕಾಲೇಜು ತೆರೆಯಿತು. ಇಂದು ಅಲ್ಲಿನ ಮರಗಳ ನೆರಳಿನಲ್ಲಿ ನಡೆಯುವ ರೋಗಿಗಳಿಗೂ ವಿದ್ಯಾರ್ಥಿಗಳಿಗೂ ಆ ಸಸಿಗಳಿಗೆ ನೀರು ಹೊತ್ತವರ ಹೆಸರು ಗೊತ್ತಿಲ್ಲ. ಮರದ ಕೆಲಸದಲ್ಲಿ ಪದಕಗಳಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಕಠಿಣವಾದದ್ದು. ಸೈನಿಕನು ಅಪ್ಪಣೆಗೆ ವಿಧೇಯನಾಗಿ ಬಾಳಿದವನು. ಯೋಚನೆಯ ಭಾರವನ್ನು ಬಹುಮಟ್ಟಿಗೆ ಮೇಲಿನವರು ಹೊತ್ತರು. ಮರದ ಕೆಲಸದಲ್ಲಿ ಕೊಡಲಿಯೂ ಮನಸ್ಸಾಕ್ಷಿಯೂ ಒಬ್ಬನ ಬಳಿಯಲ್ಲಿಯೇ ಇರುತ್ತವೆ. ಒಡೆಯನು ಬಂದು, "ಎಲೆ ಬಿದ್ದು ಅಂಗಳ ಕಸವಾಗುತ್ತದೆ, ಈ ಹಲಸನ್ನು ಬುಡಕ್ಕೆ ಕಡಿದುಬಿಡು, ಕೇಳಿದಷ್ಟು ಕೂಲಿ ಕೊಡುವೆನು" ಎನ್ನುವನು. ಅಜ್ಜನ ಕಾಲದ ಮರ, ರೋಗವಿಲ್ಲ, ಮನೆಯ ಮೇಲೆ ಬೀಳುವ ಭಯವೂ ಇಲ್ಲ. ಆಗ ಏನು ಮಾಡತಕ್ಕದ್ದು? 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ, ವಿನಾಯಿತಿ ಹೊಂದಿದ ಕೆಲವು ಜಾತಿಗಳ ಹೊರತು, ಮರ ಕಡಿಯುವದಕ್ಕೆ ಅಧಿಕಾರಿಯ ಅನುಮತಿ ಬೇಕು. ಆದರೆ ಕಾಯಿದೆಯ ಚೀಟಿ ಸಿಕ್ಕಿದ ಮಾತ್ರಕ್ಕೆ ಪ್ರಶ್ನೆ ಮುಗಿಯುವದಿಲ್ಲ. ಕಾಪುವಿನ ಮಾರ್ಗವಾಗಿ ಹೋಗುವ ಹೆದ್ದಾರಿಯನ್ನು ಅಗಲಮಾಡಿದಾಗ ದಾರಿಬದಿಯ ದೊಡ್ಡ ಮರಗಳು ಸರಕಾರದ ಅನುಮತಿಯಿಂದಲೇ ಉರುಳಿದವು. ಮಧ್ಯಾಹ್ನದ ಬಿಸಿಲಿನಲ್ಲಿ ಬಸ್ಸಿಗೆ ಕಾಯುವವರು ಅದರ ಬೆಲೆಯನ್ನು ಬಲ್ಲರು. ರಸ್ತೆ ಬೇಕಾಗಿತ್ತು, ನಿಜ. ಆದರೆ ಬೇಕಾದದ್ದನ್ನೂ ಕಳೆದುಹೋದದ್ದನ್ನೂ ಎರಡನ್ನೂ ತೂಗಿನೋಡುವವನು ಬೇಕಲ್ಲವೋ?

ಧರ್ಮೋಪದೇಶಕಾಂಡದ 20ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಅಲ್ಲಿ ಯುದ್ಧದ ನಿಯಮಗಳ ನಡುವೆ ಮರದ ಮಾತು ಬರುತ್ತದೆ. ಪಟ್ಟಣಕ್ಕೆ ಬಹುದಿನ ಮುತ್ತಿಗೆ ಹಾಕಿದ ಸೈನ್ಯವು ಸಹ ಅಲ್ಲಿನ ಹಣ್ಣಿನ ಮರಗಳಿಗೆ ಕೊಡಲಿ ಹಾಕಬಾರದು. ಮುತ್ತಿಗೆಯ ಕೆಲಸಕ್ಕೆ ಫಲವಿಲ್ಲದ ಮರಗಳನ್ನೇ ಉಪಯೋಗಿಸಬೇಕು ಎಂಬದು ಅದರ ತಾತ್ಪರ್ಯ. ಶತ್ರುವಿನ ಊರಿನಲ್ಲಿ, ಕೋಪದ ಹೊತ್ತಿನಲ್ಲಿ ಸಹ ಕೈಗೆ ಮಿತಿಯಿರಬೇಕಾದರೆ, ಸಮಾಧಾನಕಾಲದಲ್ಲಿ ನೆರೆಯವನ ಅಂಗಳದಲ್ಲಿ ಎಷ್ಟೋ ಹೆಚ್ಚು ಇರಬೇಕು. ಎದುರುಮಾತಾಡಲಾರದ ಮರದ ಮುಂದೆ ಆಯುಧ ಹಿಡಿದವನು ತನ್ನನ್ನು ತಾನೇ ತಡೆಯಬೇಕು. "ಇದನ್ನು ಕಡಿಯುವದು ಬೇಡ, ಎರಡು ಕೊಂಬೆ ತೆಗೆದರೆ ಸಾಕು" ಎಂದು ಹೇಳಿ ದೊಡ್ಡ ಕೂಲಿಯನ್ನು ಕಳಕೊಳ್ಳುವವನು ಸೈನ್ಯದಲ್ಲಿ ಕಲಿತ ಶಿಸ್ತನ್ನು ಕಳಕೊಂಡವನಲ್ಲ. ಅದರ ತಿರುಳನ್ನು ಉಳಿಸಿಕೊಂಡವನು.

ಇಲ್ಲಿ ಒಂದು ಆಕ್ಷೇಪಣೆಗೂ ಉತ್ತರ ಕೊಡಬೇಕು. "ಪಿಂಚಣಿಯುಳ್ಳವನು ಈ ಕೆಲಸಕ್ಕೆ ಬಂದರೆ ಬಡ ಕೂಲಿಯವನ ಅನ್ನ ಕಸಿದ ಹಾಗಾಗದೋ?" ಎಂದು ಕೆಲವರು ಕೇಳುವರು. ಇದು ನ್ಯಾಯವಾದ ಪ್ರಶ್ನೆ. ಪಿಂಚಣಿಯ ಬಲದಿಂದ ಕೂಲಿಯನ್ನು ಇಳಿಸಿ ಬಡವನ ಗಿರಾಕಿಗಳನ್ನು ಸೆಳೆದರೆ ಅದು ಅನ್ಯಾಯವೇ. ಹತ್ತುವವರು ಕಡಿಮೆಯೆಂದು ತಿಳಿದು ನಿರುಪಾಯದ ಮುದುಕಿಯಿಂದ ಬಾಯಿಗೆ ಬಂದಷ್ಟು ಕೇಳಿದರೆ ಅದೂ ಅನ್ಯಾಯವೇ. ಸ್ನಾನಿಕನಾದ ಯೋಹಾನನ ಬಳಿಗೆ ಸಿಪಾಯಿಗಳು ಬಂದು ತಾವೇನು ಮಾಡಬೇಕೆಂದು ಕೇಳಿದಾಗ, ಅವನು ಅವರಿಗೆ ಉದ್ಯೋಗ ಬಿಡಿರೆಂದು ಹೇಳಲಿಲ್ಲ. ಯಾರನ್ನೂ ಹೆದರಿಸಿ ಹಣ ಕೀಳಬಾರದು, ತಮ್ಮ ಸಂಬಳದಲ್ಲಿ ತೃಪ್ತರಾಗಿರಬೇಕು ಎಂದು ಬೋಧಿಸಿದನು. ಆ ಬೋಧನೆಯು ಕೋವಿಯ ಸಂಗಡ ಮುಗಿಯುವದಿಲ್ಲ. ಮರದ ಬುಡಕ್ಕೂ ಬರುತ್ತದೆ.

ಎಲ್ಲ ಸಿಪಾಯಿಗಳೂ ಮರ ಹತ್ತಬೇಕೆಂದು ಯಾರೂ ಹೇಳಲಾರರು. ಗಾಯಪಟ್ಟವರಿದ್ದಾರೆ, ಎತ್ತರಕ್ಕೆ ಹೆದರುವವರಿದ್ದಾರೆ. ಕಾವಲು ನಿಲ್ಲುವವನ ಕೆಲಸವೂ ಪ್ರಾಮಾಣಿಕವಾದದ್ದೇ. ಆದರೆ ಮನಸ್ಸೂ ಮೈಯೂ ಒಪ್ಪಿದವನನ್ನು ನಾಚಿಕೆಯೊಂದೇ ತಡೆಯುವದಾದರೆ, ಆ ನಾಚಿಕೆಯು ಅವನದಲ್ಲ, ನಮ್ಮದು. ಅದನ್ನು ತೆಗೆದುಹಾಕತಕ್ಕವರೂ ನಾವೇ. ಅದಕ್ಕೆ ಸುಲಭವಾದ ಉಪಾಯವುಂಟು. ಅವನು ರಜೆಯಲ್ಲಿ ಸಮವಸ್ತ್ರ ತೊಟ್ಟು ಬಂದಾಗ "ಬನ್ನಿ, ಕೂತುಕೊಳ್ಳಿ" ಎಂದು ಚಾವಡಿಯಲ್ಲಿ ಕುರ್ಚಿ ಕೊಟ್ಟೆವಲ್ಲವೋ? ನಾಳೆ ಅವನು ಹಗ್ಗ ಕತ್ತಿಗಳೊಡನೆ ಅಂಗಳಕ್ಕೆ ಬಂದಾಗಲೂ ಅದೇ ಮಾತು, ಅದೇ ಕುರ್ಚಿ ಇರಲಿ. ಅವನ ಸಂಗಡ ಬರುವ, ಎಂದೂ ಸೈನ್ಯವನ್ನು ನೋಡದ ಹಳೆಯ ಮರ ಹತ್ತುವವನಿಗೂ ಇನ್ನೊಂದು ಕುರ್ಚಿ ಇರಲಿ. ಮೊದಲನೆಯವನಿಗೆ ಮಾತ್ರ ಕೊಟ್ಟರೆ ನಾವು ಗೌರವಿಸಿದ್ದು ಅವನು ಬಿಟ್ಟುಬಂದ ಬಟ್ಟೆಯನ್ನು. ಇಬ್ಬರಿಗೂ ಕೊಟ್ಟರೆ ಅವರು ಮಾಡುವ ಕೆಲಸವನ್ನು.