ಚೀಲದೊಳಗಿನ ಎರಡು ಕಲ್ಲು

ಬೈಬಲಿನ ಜ್ಞಾನೋಕ್ತಿಗಳ ಗ್ರಂಥದ ಹನ್ನೊಂದನೆಯ ಅಧ್ಯಾಯ ಶುರುವಾಗುವುದೇ ತಕ್ಕಡಿಯಿಂದ. ಕಳ್ಳ ತಕ್ಕಡಿಯನ್ನು ಕಂಡರೆ ದೇವರು ಹೇಸುತ್ತಾನೆ, ನೇರವಾದ ತೂಕವನ್ನು ಮೆಚ್ಚುತ್ತಾನೆ ಎಂಬುದು ಆ ವಚನದ ತಾತ್ಪರ್ಯ. ಕ್ರೈಸ್ತ ನಂಬಿಕೆಗೆ ತಕ್ಕಂತೆ ವ್ಯಾಪಾರ ಮಾಡುವುದು ಹೇಗೆ ಎಂದು ಕೇಳುವವರಿಗೆ ಇದಕ್ಕಿಂತ ಖಚಿತವಾದ ಉತ್ತರ ಬೇರೆ ಸಿಗುವುದು ಕಷ್ಟ. ಅಂಗಡಿಯ ಗೋಡೆಗೆ ತೂಗುಹಾಕಿದ ಶಿಲುಬೆ, ಬಾಗಿಲು ತೆರೆಯುವ ಮುಂಚಿನ ಪ್ರಾರ್ಥನೆ, ಲಾಭದಲ್ಲಿ ಸಭೆಗೆ ಸಲ್ಲುವ ದಶಮಾಂಶ, ಇವೆಲ್ಲ ಕಣ್ಣಿಗೆ ಕಾಣುತ್ತವೆ. ವಚನ ಇವುಗಳ ಮಾತೆತ್ತದೆ, ಗಿರಾಕಿಗೆ ಕಾಣದ ಕಡೆಗೆ ಕೈಹಾಕುತ್ತದೆ.

ಈ ಮಾತು ಹುಟ್ಟಿದ ಪ್ರಾಚೀನ ಯೆಹೂದ ನಾಡಿನಲ್ಲಿ ಟಂಕಿಸಿದ ನಾಣ್ಯದ ಬಳಕೆ ಇನ್ನೂ ಬಂದಿರಲಿಲ್ಲ. ಬೆಳ್ಳಿಯ ತುಂಡುಗಳನ್ನೇ ತೂಗಿ ಬೆಲೆ ಕೊಡುತ್ತಿದ್ದರು. ಹಾಗಾಗಿ ಒಂದೇ ವ್ಯವಹಾರದಲ್ಲಿ ಸರಕಿಗೂ ಹಣಕ್ಕೂ ಅಳತೆ ಬೇಕಾಗುತ್ತಿತ್ತು. ವರ್ತಕರು ತಮ್ಮ ತೂಕದ ಕಲ್ಲುಗಳನ್ನು ಚೀಲದಲ್ಲಿಟ್ಟುಕೊಂಡು ತಿರುಗುತ್ತಿದ್ದರು. ಅಂಥ ಸುಣ್ಣಕಲ್ಲಿನ ಬಟ್ಟುಗಳು ಉತ್ಖನನಗಳಲ್ಲಿ ದೊರೆತಿವೆ: ಗುಮ್ಮಟದಂತೆ ಉಬ್ಬಿದ ತಲೆ, ಅದರ ಮೇಲೆ ಕೊರೆದ ಗುರುತು. ಅವುಗಳ ಪ್ರಕಾರ ಅಂದಿನ ತೂಕದ ಮಾನವಾದ ಒಂದು ಶೆಕೆಲ್ ಎಂದರೆ ಸುಮಾರು 11.3 ಗ್ರಾಂ. ಕಲ್ಲಿನ ತಳವನ್ನು ಸ್ವಲ್ಪ ಉಜ್ಜಿಬಿಟ್ಟರೆ ಕೊಳ್ಳುವವನಿಗೆ ಗೊತ್ತಾಗುವ ಬಗೆಯೇ ಇಲ್ಲ. ಧರ್ಮೋಪದೇಶಕಾಂಡದ 25ನೆಯ ಅಧ್ಯಾಯ ಇದನ್ನು ಎದುರಿಸುವ ರೀತಿ ಗಮನಾರ್ಹ. ಹೆಚ್ಚು ತೂಗುವ ಒಂದು ಕಲ್ಲು, ಕಡಿಮೆ ತೂಗುವ ಇನ್ನೊಂದು ಕಲ್ಲು ಒಂದೇ ಚೀಲದಲ್ಲಿ ಇರಲೇಬಾರದು ಎನ್ನುತ್ತದೆ ಆ ಕಟ್ಟಳೆ. ಮೋಸ ನಡೆಯುವವರೆಗೆ ಅದು ಕಾಯುವುದಿಲ್ಲ. ಎರಡನೆಯ ಕಲ್ಲನ್ನು ಇಟ್ಟುಕೊಂಡದ್ದೇ ಅಪರಾಧ. ತೆರಿಗೆಯವರಿಗೊಂದು, ಮನೆಗೊಂದು ಎಂದು ಎರಡು ಲೆಕ್ಕದ ಪುಸ್ತಕ ಇಡುವ ವ್ಯಾಪಾರಿಗೂ ಇದೇ ಕಟ್ಟಳೆ ಅನ್ವಯಿಸುತ್ತದೆ.

ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ಅಳತೆಯ ನಿಯಮ ಸಬ್ಬತ್ ಎಂಬ ವಿಶ್ರಾಂತಿ ದಿನದ ಆಚರಣೆ, ಯಜ್ಞದ ಕ್ರಮ, ಹೆತ್ತವರ ಗೌರವ ಇವುಗಳ ಸಾಲಿನಲ್ಲೇ ಬರುತ್ತದೆ. ಪೂಜೆಗೊಂದು ಧರ್ಮ, ಪೇಟೆಗೊಂದು ಧರ್ಮ ಎಂಬ ವಿಂಗಡಣೆ ಅಲ್ಲಿಲ್ಲ. ಕ್ರಿಸ್ತಪೂರ್ವ ಎಂಟನೆಯ ಶತಮಾನದ ಪ್ರವಾದಿ ಆಮೋಸ ಇಂಥ ವಿಂಗಡಣೆ ಮಾಡಿಕೊಂಡವರ ಮೇಲೆ ಕೆಂಡ ಕಾರಿದ. ಸಬ್ಬತ್ ಯಾವಾಗ ಮುಗಿದೀತು, ಧಾನ್ಯದ ಅಂಗಡಿ ಯಾವಾಗ ತೆರೆದೇವು ಎಂದು ತವಕಿಸುತ್ತಿದ್ದ ಭಕ್ತರು ಅವರು. ಅಳೆದು ಕೊಡುವ ಕೊಳಗವನ್ನು ಕಿರಿದು ಮಾಡಿ, ಬೆಳ್ಳಿ ತೂಗಿಕೊಳ್ಳುವ ಕಲ್ಲನ್ನು ಹಿರಿದು ಮಾಡಿ, ಬಡವನನ್ನು ಎರಡೂ ಕಡೆಯಿಂದ ಸುಲಿಯುತ್ತಿದ್ದರು. ಸಬ್ಬತ್ತನ್ನು ಅವರು ಮುರಿದರೆಂದು ಆಮೋಸ ದೂರುವುದಿಲ್ಲ. ಅದನ್ನು ಪಾಲಿಸಿಯೂ ಅವರು ಮಾರನೆಯ ದಿನ ಮಾಡುತ್ತಿದ್ದುದು ಅವನ ಸಿಟ್ಟಿಗೆ ಕಾರಣ.

ಕೂಲಿಯೂ ಒಂದು ಅಳತೆಯೇ. ಆಳಿನ ಕೂಲಿಯನ್ನು ಬೆಳಗಿನ ತನಕ ಹಿಡಿದಿಟ್ಟುಕೊಳ್ಳಬಾರದೆಂದು ಯಾಜಕಕಾಂಡದ ಅದೇ ಅಧ್ಯಾಯ ವಿಧಿಸುತ್ತದೆ. ಪೈರು ಕೊಯ್ದವರಿಗೆ ಸಲ್ಲದ ಕೂಲಿ ತಾನೇ ಕೂಗಿಕೊಳ್ಳುತ್ತದೆ ಎಂದು ಹೊಸ ಒಡಂಬಡಿಕೆಯಲ್ಲಿ ಯಾಕೋಬನ ಪತ್ರ ಎಚ್ಚರಿಸುತ್ತದೆ. ಸಣ್ಣ ಪೂರೈಕೆದಾರರ ಬಿಲ್ಲನ್ನು ತಿಂಗಳುಗಟ್ಟಲೆ ತಡೆದು, ಆ ಹಣವನ್ನೇ ಬಂಡವಾಳವಾಗಿ ತಿರುಗಿಸುವ ಇಂದಿನ ರೂಢಿಯನ್ನು ಈ ಮಾತುಗಳ ಎದುರು ಸಮರ್ಥಿಸಿಕೊಳ್ಳಲು ಸಾಧ್ಯವಿಲ್ಲ.

ವಚನವನ್ನು ಅಕ್ಷರಶಃ ಬದುಕಲು ಹೊರಟವರಲ್ಲಿ ಇಂಗ್ಲೆಂಡಿನ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಮುಖ್ಯರು. ಹದಿನೇಳನೆಯ ಶತಮಾನದ ಪೇಟೆಯಲ್ಲಿ ಚೌಕಾಸಿಯೇ ಪದ್ಧತಿ. ಮಾರುವವನು ಏರಿಸಿ ಹೇಳಬೇಕು, ಕೊಳ್ಳುವವನು ಇಳಿಸಿ ಕೇಳಬೇಕು. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎನ್ನಿರಿ ಎಂಬ ಯೇಸುವಿನ ಬೋಧನೆಗೆ ಇದು ಹೊಂದುವುದಿಲ್ಲವೆಂದು ಕ್ವೇಕರ್ ಅಂಗಡಿಕಾರರು ಒಂದೇ ಬೆಲೆ ಹೇಳತೊಡಗಿದರು. ಮೊದಮೊದಲು ಗಿರಾಕಿಗಳು ದೂರವಾದರು. ಮುಂದೆ, ಚಿಕ್ಕ ಮಗುವನ್ನು ಕಳಿಸಿದರೂ ದೊಡ್ಡವರಿಗೆ ಕೊಟ್ಟಂತೆಯೇ ಕೊಡುತ್ತಾರೆಂದು ಜನರಿಗೆ ತಿಳಿದಾಗ ಅಂಗಡಿಗಳು ತುಂಬಿದವೆಂದು ಪಂಥದ ಸ್ಥಾಪಕ ಜಾರ್ಜ್ ಫಾಕ್ಸ್ ದಾಖಲಿಸಿದ್ದಾನೆ. ಪ್ರಾಮಾಣಿಕತೆಯಿಂದ ಲಾಭ ಖಂಡಿತ ಎಂಬ ಪಾಠವನ್ನು ಇದರಿಂದ ತೆಗೆಯಬಾರದು. ಗಿರಾಕಿಗಳು ಮರಳಿ ಬರುವರೆಂಬ ಭರವಸೆ ಅವರಿಗೆ ಯಾರೂ ಕೊಟ್ಟಿರಲಿಲ್ಲ.

ಅದೇ ಪಂಥದ ಜಾನ್ ಕ್ಯಾಡ್ಬರಿ 1824ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಅಂಗಡಿ ತೆರೆದ. ಹೆಂಡದ ಬದಲು ಜನ ಕೋಕೋ ಕುಡಿಯಲಿ ಎಂಬುದು ಆ ಮನೆತನದ ಆಸೆ. ಅವನ ಮಕ್ಕಳು 1879ರಲ್ಲಿ ಊರ ಹೊರಗೆ ಬೋರ್ನ್‌ವಿಲ್‌ನಲ್ಲಿ ಕಾರ್ಖಾನೆ ಕಟ್ಟಿದರು. ಮುಂದೆ ಅಲ್ಲಿ ತೋಟವಿರುವ ಮನೆಗಳೂ ಆಟದ ಬಯಲುಗಳೂ ಬಂದವು. ಕಾರ್ಮಿಕರ ಮಟ್ಟಿಗೆ ಅವರ ತಕ್ಕಡಿ ನೇರವಾಗಿತ್ತು. ಆದರೆ ಕೋಕೋ ಬೀಜದ ದೊಡ್ಡ ಪಾಲು ಬರುತ್ತಿದ್ದುದು ಪೋರ್ಚುಗೀಸರ ಸಾವೊ ಟೋಮೆ ದ್ವೀಪದಿಂದ. 1901ರಲ್ಲಿ ಅಲ್ಲಿನ ತೋಟವೊಂದರ ಮಾರಾಟದ ಪ್ರಕಟಣೆ ಅದೇ ಮನೆತನದ ವಿಲಿಯಂ ಕ್ಯಾಡ್ಬರಿಯ ಕಣ್ಣಿಗೆ ಬಿತ್ತು. ಆಸ್ತಿಯ ಪಟ್ಟಿಯಲ್ಲಿ ಕೂಲಿಯಾಳುಗಳಿಗೂ ಬೆಲೆ ಕಟ್ಟಲಾಗಿತ್ತು. ಅಂಗೋಲಾದಿಂದ ಒಯ್ದ ಆ ಜನರಿಗೆ ಕಾಗದದ ಮೇಲೆ ಕರಾರು ಇದ್ದರೂ ಮರಳಿ ಬರುವ ದಾರಿ ಇರಲಿಲ್ಲ. ಕಂಪನಿ ವಿಚಾರಿಸಿತು, ಸರ್ಕಾರಗಳ ಬಾಗಿಲು ತಟ್ಟಿತು, 1905ರಲ್ಲಿ ಜೋಸೆಫ್ ಬರ್ಟ್ ಎಂಬಾತನನ್ನು ತನಿಖೆಗೆ ಕಳಿಸಿತು. ಖರೀದಿ ನಿಲ್ಲಿಸಿದ್ದು ಮಾತ್ರ 1909ರಲ್ಲಿ. ಈ ವಿಳಂಬವನ್ನು ಖಂಡಿಸಿದ ಸ್ಟ್ಯಾಂಡರ್ಡ್ ಪತ್ರಿಕೆಯ ಮೇಲೆ ಹೂಡಿದ ಮಾನನಷ್ಟ ಮೊಕದ್ದಮೆಯನ್ನು ಅದೇ ವರ್ಷ ಕಂಪನಿ ಗೆದ್ದಿತು. ತೀರ್ಪುಗಾರರು ಕೊಡಿಸಿದ ಪರಿಹಾರ ಒಂದೇ ಒಂದು ಫಾರ್ದಿಂಗ್, ಎಂದರೆ ಕಾಲು ಪೆನ್ನಿ.

ಕೊಳ್ಳುತ್ತಲೇ ಇದ್ದರೆ ಪೋರ್ಚುಗೀಸರ ಮೇಲೆ ಒತ್ತಡ ಹೇರುವ ಶಕ್ತಿ ಉಳಿಯುತ್ತದೆ ಎಂಬುದು ಕ್ಯಾಡ್ಬರಿಯವರ ವಾದ. ಅದರಲ್ಲಿ ಪ್ರಾಮಾಣಿಕತೆ ಇದ್ದಿರಬಹುದು, ಹುರುಳೂ ಇದ್ದಿರಬಹುದು. ಆದರೂ ಆ ಎಂಟು ವರ್ಷ ಬೋರ್ನ್‌ವಿಲ್‌ನ ಕಾರ್ಮಿಕನಿಗೊಂದು ಕಲ್ಲು, ಸಾವೊ ಟೋಮೆಯ ಆಳಿಗೆ ಇನ್ನೊಂದು ಕಲ್ಲು ಒಂದೇ ಚೀಲದಲ್ಲಿದ್ದವು. ಸರಕು ದೂರದಿಂದ ಬಂದಷ್ಟೂ ಎರಡನೆಯ ಕಲ್ಲು ಮಾಲೀಕನ ಕಣ್ಣಿಗೇ ಮರೆಯಾಗುತ್ತದೆ. ಇಂದು ಹೊರಗುತ್ತಿಗೆಯ ಮೇಲೆ ನಡೆಯುವ ಪ್ರತಿ ಉದ್ಯಮವೂ ಈ ಅಪಾಯದಲ್ಲಿದೆ.

ಮುಂದೆ ಕ್ಯಾಡ್ಬರಿ ಕಂಪನಿ ಕೋಕೋಗಾಗಿ ಗೋಲ್ಡ್ ಕೋಸ್ಟ್, ಅಂದರೆ ಇಂದಿನ ಘಾನಾದತ್ತ ತಿರುಗಿತು. ಅಲ್ಲಿ 1850ರ ದಶಕದಲ್ಲೇ ಕೋಕೋ ಸಸಿ ನೆಟ್ಟು ನೋಡಿದ್ದವರು ಬಾಸೆಲ್ ಮಿಶನ್ನಿನವರು. 1834ರಲ್ಲಿ ಮಂಗಳೂರಿಗೆ ಬಂದು, ಮುದ್ರಣಾಲಯ ತೆರೆದು, ಕಿಟ್ಟೆಲರ ನಿಘಂಟನ್ನು ಅಚ್ಚು ಹಾಕಿದ ಮಿಶನ್ ಅದೇ. ತುಳುನಾಡಿನಲ್ಲಿ ಕ್ರೈಸ್ತರಾದವರು ಮನೆ, ಗೇಣಿ ಜಮೀನು, ಕುಲಕಸುಬು ಎಲ್ಲದರಿಂದ ಹೊರಬೀಳುತ್ತಿದ್ದರು. ಶೇಂದಿ ಇಳಿಸುವ ಕಸುಬನ್ನು ಸಭೆಯೇ ಒಪ್ಪುತ್ತಿರಲಿಲ್ಲ. ಅವರ ಹೊಟ್ಟೆಪಾಡಿಗೆಂದು ಹುಟ್ಟಿದ ಕೈಗಾರಿಕೆಗಳೇ ನೇಯ್ಗೆ ಮತ್ತು ಹೆಂಚು. ಪ್ಲೆಬ್ಸ್ಟ್ ಎಂಬ ಮಿಶನರಿ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ. 1859ರಲ್ಲಿ ಸ್ಥಾಪನೆಯಾಗಿದ್ದ ಮಿಶನ್ನಿನ ವ್ಯಾಪಾರ ಕಂಪನಿ ಷೇರುದಾರರ ಡಿವಿಡೆಂಡಿಗೆ ಮಿತಿ ಹಾಕಿತ್ತು. ಆಫ್ರಿಕದಲ್ಲಿ ಬೇರೆ ಕಂಪನಿಗಳು ಹೇರಳವಾಗಿ ಗಳಿಸುತ್ತಿದ್ದ ಮದ್ಯದ ವ್ಯಾಪಾರಕ್ಕೆ ಕೈಹಾಕಲಿಲ್ಲ.

ಇಲ್ಲಿಯೂ ಒಂದು ತೊಡಕು ಉಳಿಯುತ್ತದೆ. ಉಪದೇಶಿಸುವ ಸಂಸ್ಥೆಯೇ ಸಂಬಳವನ್ನೂ ಕೊಡುವಾಗ ದುಡಿಯುವವನು ಎದುರಾಡುವುದು ಹೇಗೆ? ಸಭೆಯ ಶಿಸ್ತು ಮತ್ತು ಕಾರ್ಖಾನೆಯ ಶಿಸ್ತು ಒಂದೇ ಕೈಯಲ್ಲಿದ್ದರೆ, ತೂಗುವವನು ಎಷ್ಟೇ ಸಜ್ಜನನಾಗಿದ್ದರೂ ತೂಕವನ್ನು ಪರೀಕ್ಷಿಸುವ ಮೂರನೆಯವನು ಇರುವುದಿಲ್ಲ. ಕ್ರೈಸ್ತ ಉದ್ಯಮಿಗಳು ತಮ್ಮ ಸಂಸ್ಥೆಯನ್ನು 'ಒಂದು ಕುಟುಂಬ' ಎಂದು ಪ್ರೀತಿಯಿಂದ ಕರೆಯುವಾಗಲೂ ಈ ತೊಡಕು ನೆನಪಿರಬೇಕು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಮಿಶನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡು ಆಮೇಲೆ ಕಾಮನ್‌ವೆಲ್ತ್ ಟ್ರಸ್ಟಿಗೆ ವಹಿಸಿತು.

ತೂಕ ಆಗಲೇ ತಪ್ಪಿದ್ದರೆ ಏನು ಮಾಡಬೇಕೆಂಬುದನ್ನೂ ಶಾಸ್ತ್ರ ಹೇಳಿದೆ. ವಂಚಿಸಿ ಪಡೆದುದನ್ನು ಪೂರ್ತಿ ಹಿಂದಿರುಗಿಸಿ, ಅದರ ಐದನೆಯ ಒಂದು ಪಾಲನ್ನು ಮೇಲೆ ಸೇರಿಸಿ ಕೊಡಬೇಕೆಂದು ಯಾಜಕಕಾಂಡ ವಿಧಿಸುತ್ತದೆ. ಲೂಕನ ಸುವಾರ್ತೆಯಲ್ಲಿ ಸುಂಕದವರ ಮುಖ್ಯಸ್ಥ ಜಕ್ಕಾಯ ಇದನ್ನೂ ಮೀರುತ್ತಾನೆ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಅದಲ್ಲದೆ ತಾನು ಮೋಸಮಾಡಿದವರಿಗೆ ನಾಲ್ಕರಷ್ಟು. ದಾನವನ್ನೂ ಮರುಪಾವತಿಯನ್ನೂ ಅವನು ಬೇರೆ ಬೇರೆಯಾಗಿಯೇ ಎಣಿಸುತ್ತಾನೆ, ಒಂದನ್ನು ಇನ್ನೊಂದಕ್ಕೆ ವಜಾ ಹಾಕಿಕೊಳ್ಳುವುದಿಲ್ಲ. ನಷ್ಟಪಟ್ಟವನು ಬದುಕಿಲ್ಲದಿದ್ದರೆ, ಹಣ ಪಡೆಯಲು ಹತ್ತಿರದ ಬಂಧುವೂ ಇಲ್ಲದಿದ್ದರೆ, ಅರಣ್ಯಕಾಂಡದ ಐದನೆಯ ಅಧ್ಯಾಯದ ಪ್ರಕಾರ ಅದು ಯಾಜಕನ ಮೂಲಕ ದೇವರಿಗೆ ಸಲ್ಲುತ್ತದೆ. ವ್ಯಾಪಾರಿಯ ಪೆಟ್ಟಿಗೆಯಲ್ಲಿ ಅದು ಉಳಿಯಲು ಆ ಕಟ್ಟಳೆಯಲ್ಲಿ ಅವಕಾಶವಿಲ್ಲ.