ಮಾತಿನ ಲೆಕ್ಕವೂ ಕೆಲಸದ ಲೆಕ್ಕವೂ

ಓದತಕ್ಕ ಭಾಗಗಳು: ಜ್ಞಾನೋಕ್ತಿಗಳು ೧೪, ೨೩, ಮತ್ತಾಯ ೨೫, ೧೪-೩೦.



ದುಡಿದ ಕೈ ಬರಿದಾಗಿ ಹಿಂದಿರುಗುವದಿಲ್ಲ. ಬಾಯಿಯಿಂದ ಮಾತ್ರ ದುಡಿಯುವವನ ಮನೆಯನ್ನು ಬಡತನವು ಹುಡುಕಿಕೊಂಡು ಬರುವದು. ನಾವು ಈ ದಿನ ಓದಿದ ಜ್ಞಾನೋಕ್ತಿಯ ಅಭಿಪ್ರಾಯವು ಇದೇ. ನಮ್ಮಲ್ಲಿ ಕೆಲವರು ಕೂಲಿ ಮಾಡುವವರು, ಕೆಲವರು ಕೂಲಿ ಕೊಡುವವರು. ಆದದರಿಂದ ಈ ವಾಕ್ಯವು ಇಬ್ಬರ ಬಾಗಿಲನ್ನೂ ತಟ್ಟುತ್ತದೆ.

ಮೊದಲು ಒಂದು ಸಂಗತಿಯನ್ನು ತಿಳಿಯಬೇಕು. ಮಾತು ತಾನಾಗಿಯೇ ಕೆಟ್ಟದ್ದಲ್ಲ. ದೇವರು ಕೊಟ್ಟ ವರವೇ. ಹೊನ್ನಾವರ ತಾಲೂಕಿನ ಇಡಗುಂಜಿಯ ಹೆಸರನ್ನು ಹೊತ್ತ ಯಕ್ಷಗಾನ ಮಂಡಳಿಯನ್ನು ಕೆರೆಮನೆ ಶಿವರಾಮ ಹೆಗಡೆಯವರು ೧೯೩೪ರಲ್ಲಿ ಕಟ್ಟಿದರು. ಯಕ್ಷಗಾನದಲ್ಲಿ ಭಾಗವತನು ಹಾಡಿದ ಒಂದು ಪದ್ಯಕ್ಕೆ ವೇಷಧಾರಿಯು ತನ್ನ ಸ್ವಂತ ಮಾತುಗಳಿಂದ ಅರ್ಥವನ್ನು ವಿಸ್ತರಿಸುವನೆಂದು ನಮ್ಮ ಸೀಮೆಯ ಕೂಸುಗಳೂ ಬಲ್ಲವು. ಅವನಿಗೆ ಮಾತೇ ಕೆಲಸ; ಆ ಕೆಲಸಕ್ಕೂ ಅಭ್ಯಾಸ ಬೇಕು, ಬೆವರು ಬೇಕು. ಆದರೆ ಬೆಳಗಾದ ಮೇಲೆ ಅದೇ ಊರಿನ ಅಡಿಕೆ ತೋಟದಲ್ಲಿ ಎಷ್ಟು ಅರ್ಥ ಹೇಳಿದರೂ ಒಂದು ಕೊನೆಯಾದರೂ ಕೆಳಗಿಳಿಯುವದಿಲ್ಲ. ಮಾತು ತನ್ನ ಸ್ಥಳವನ್ನು ಬಿಟ್ಟು ಕೆಲಸದ ಸ್ಥಳದಲ್ಲಿ ಕುಳಿತುಕೊಂಡಾಗಲೇ ಕೇಡು ಹುಟ್ಟುವದು.

ತೋಟದವರು ಮಳೆಗಾಲದ ಕೊಳೆರೋಗವನ್ನು ಬಲ್ಲರು. ಎಳೆಯ ಕಾಯಿಗಳು ಕೊಳೆತು ಉದುರಿ, ವರುಷದ ಅನ್ನವು ಕೆಲವು ವಾರಗಳಲ್ಲಿ ನೆಲದ ಪಾಲಾಗುವದು. ಲೆಸ್ಲಿ ಕೋಲ್ಮನ್ ಎಂಬ ವಿದ್ವಾಂಸರು ಮೈಸೂರು ಸಂಸ್ಥಾನದಲ್ಲಿ ಈ ರೋಗವನ್ನು ಶೋಧಿಸಿ ೧೯೧೦ರಲ್ಲಿ ಬರೆದು ಪ್ರಕಟಿಸಿದರು. ಇದಕ್ಕೆ ಮದ್ದು ಬೋರ್ಡೋ ದ್ರಾವಣ. ಒಂದು ಕಿಲೋ ಮೈಲುತುತ್ತವನ್ನು ೫೦ ಲೀಟರ್ ನೀರಿನಲ್ಲಿಯೂ, ಒಂದು ಕಿಲೋ ಸುಣ್ಣವನ್ನು ಬೇರೆ ೫೦ ಲೀಟರ್ ನೀರಿನಲ್ಲಿಯೂ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ದು ಕಲಕುವರು. ಅನಂತರ ಹೊಳೆಯುವ ಕಬ್ಬಿಣದ ಚೂರಿಯೊಂದನ್ನು ಅದರಲ್ಲಿ ಅದ್ದಿ ನೋಡುವರು. ಚೂರಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಅಂಥ ಮದ್ದು ಗಿಡವನ್ನೇ ಸುಡುವದು. ಮದ್ದು ಕಲಸಿದವನು ಎಲ್ಲಾ ಸರಿಯಾಗಿದೆ ಎಂದು ನೂರು ಸಾರಿ ಆಣೆಯಿಟ್ಟರೂ ಚೂರಿಯು ಅವನ ಮಾತನ್ನು ಕೇಳುವದಿಲ್ಲ, ಇದ್ದದ್ದನ್ನು ತೋರಿಸುವದು. ಪ್ರಿಯರೇ, ನಮ್ಮೆಲ್ಲರ ಕೆಲಸದಲ್ಲಿಯೂ ದೇವರು ಇಂಥ ಚೂರಿಯನ್ನು ಅದ್ದಿ ನೋಡುವ ದಿನ ಉಂಟು.

ಕರ್ತನು ಹೇಳಿದ ತಲಾಂತುಗಳ ಸಾಮ್ಯವನ್ನು ಈ ಬೆಳಕಿನಲ್ಲಿ ನೋಡಿರಿ. ಯಜಮಾನನು ಬಂದು ಮೂವರು ಆಳುಗಳಿಂದ ಲೆಕ್ಕವನ್ನು ಕೇಳಿದನು. ಐದು ತಲಾಂತು ಹೊಂದಿದವನ ಉತ್ತರವು ಒಂದೇ ವಚನದಲ್ಲಿ ಮುಗಿಯಿತು (೨೦); ಎರಡು ಹೊಂದಿದವನದೂ ಒಂದೇ ವಚನ (೨೨). ಹೂಳಿಟ್ಟವನಿಗೆ ಮಾತ್ರ ಎರಡು ವಚನಗಳು ಬೇಕಾದವು (೨೪, ೨೫). ಏನೂ ಗಳಿಸದವನೇ ಎಲ್ಲರಿಗಿಂತ ಹೆಚ್ಚು ಮಾತಾಡಿದನು. ಅವನ ಮಾತುಗಳಾದರೂ ಎಂಥವು? ಮೊದಲು ಯಜಮಾನನ ಸ್ವಭಾವದ ಮೇಲೆ ದೂರು. ಬಳಿಕ ತನ್ನ ಹೆದರಿಕೆಯ ಕಥೆ. ಕಡೆಗೆ ನಿನ್ನದು ನಿನಗೆ ಸಂದಿತಲ್ಲಾ ಎಂಬ ವಾದ. ಅವನು ಮಾಡಿದ ಕೆಲಸವೆಂದರೆ ಮಣ್ಣು ಅಗೆದದ್ದೊಂದೇ. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯು ಇವನಿಗಾಗಿಯೇ ಹುಟ್ಟಿದಂತಿದೆ. ದೂರು, ನೆವ, ವಾದ, ಈ ಮೂರೂ ಕಷ್ಟದ ಆಳಿನ ಗುರುತುಗಳು. ಅವು ನಮ್ಮ ಬಾಯಲ್ಲಿ ಇವೆಯೋ ಎಂದು ಒಬ್ಬೊಬ್ಬನು ತನ್ನನ್ನು ಶೋಧಿಸಿಕೊಳ್ಳಲಿ.

ಹಾಗಾದರೆ ಬಾಯಿ ಮುಚ್ಚಿಕೊಂಡಿರುವವನೇ ಒಳ್ಳೇ ಆಳೋ? ಅಲ್ಲ. ಎರಡನೆಯ ಅರಸುಗಳ ಪುಸ್ತಕದ ಐದನೆಯ ಅಧ್ಯಾಯವನ್ನು ಓದಿರಿ. ಸೆರೆಯಾಗಿ ಬಂದ ಚಿಕ್ಕ ಹುಡುಗಿಯೊಬ್ಬಳು ನಾಮಾನನ ಮನೆಯಲ್ಲಿ ಒಂದೇ ಮಾತನ್ನಾಡಿದಳು. ಆ ಒಂದು ಮಾತಿನಿಂದ ಕುಷ್ಠರೋಗಿಯಾದ ದಣಿಗೆ ದಾರಿ ತೆರೆಯಿತು. ಅವನು ಸಿಟ್ಟಿನಿಂದ ಹಿಂದಿರುಗಿದಾಗ ಆಳುಗಳು ಹತ್ತಿರ ಬಂದು, ವಿನಯದಿಂದಲೇ ಅವನ ತಪ್ಪನ್ನು ತೋರಿಸಿದರು. ಅದೇ ಅಧ್ಯಾಯದಲ್ಲಿ ಪ್ರವಾದಿಯ ಆಳಾದ ಗೇಹಜಿಯೂ ಇದ್ದಾನೆ. ಬಂದ ಅತಿಥಿಗಳು ಇಬ್ಬರು, ಅವರು ಇಂಥ ಬೆಟ್ಟದ ಸೀಮೆಯವರು, ಅವರಿಗೆ ಇಷ್ಟು ಬೆಳ್ಳಿ, ಇಷ್ಟು ಬಟ್ಟೆ ಬೇಕೆಂದು ಅವನು ಸುಳ್ಳನ್ನು ಎಷ್ಟು ಚೆನ್ನಾಗಿ ಅಲಂಕರಿಸಿದನು! ಸತ್ಯಕ್ಕೆ ಆಭರಣ ಬೇಡ. ಸುಳ್ಳಿಗೆ ಮಾತ್ರ ಮೈತುಂಬ ಬೇಕು.

ಆದಕಾರಣ, ಮರದ ಕಾಂಡ ತೊಯ್ದು ಜಾರುತ್ತದೆ, ಈ ಹೊತ್ತು ಹತ್ತುವದು ಬೇಡ ಎಂದು ಕೊನೆಗೌಡನು ಹೇಳಿದರೆ, ಅವನನ್ನು ಮೈಗಳ್ಳನೆಂದು ಬೈಯುವ ದಣಿಯು ತನ್ನ ಹಿತವನ್ನೂ ಅರಿಯದವನು. ಆ ಮಾತು ನೆವವಲ್ಲ. ಪ್ರಾಣದ ಬೆಲೆಯನ್ನು ಬಲ್ಲವನ ಸಾಕ್ಷಿ. ಸರಿಯಾಗಿ ಮದ್ದು ಕಲಸಲಿಲ್ಲವೆಂದು ಮುಂಚಿತವಾಗಿ ತಿಳಿಸುವವನೂ ಹಾಗೆಯೇ. ಕೇಳಲಿಕ್ಕೆ ಕಷ್ಟವಾದ ಮಾತನ್ನಾಡುವವರೆಲ್ಲರೂ ಕಷ್ಟದ ಆಳುಗಳಲ್ಲ.

ಕೂಲಿ ಕೊಡುವವರೇ, ನಿಮಗೂ ಒಂದು ಮಾತು. ಬೈಗುಳದಲ್ಲಿ ಧಾರಾಳವಾಗಿಯೂ ಕೂಲಿಯಲ್ಲಿ ಬಿಗಿಯಾಗಿಯೂ ಇರುವ ಮನೆಗೆ ಒಳ್ಳೇ ಆಳು ಬಂದರೂ ನಿಲ್ಲುವದಿಲ್ಲ. ಬಡವನ ಕೂಲಿಯನ್ನು ಆ ದಿನವೇ, ಹೊತ್ತು ಮುಳುಗುವದಕ್ಕೆ ಮೊದಲೇ ಕೊಡಬೇಕೆಂದು ಧರ್ಮಶಾಸ್ತ್ರವು ವಿಧಿಸುತ್ತದೆ (ಧರ್ಮೋಪದೇಶ ೨೪, ೧೫). ನಾಳೆ ಬಾ, ನಾಡಿದ್ದು ನೋಡೋಣ ಎಂಬ ಸವಿಮಾತು ಹಸಿದ ಮಕ್ಕಳ ಗಂಜಿಯಾಗುವದಿಲ್ಲ. ಹಿಡಿದಿಟ್ಟ ಕೂಲಿಯ ಕೂಗು ದೇವರ ಕಿವಿಯನ್ನು ಮುಟ್ಟುವದೆಂದು ಯಾಕೋಬನು ಎಚ್ಚರಿಸಿದ್ದಾನಲ್ಲವೇ?

ಕಡೆಗೆ ಒನೇಸಿಮನನ್ನು ನೆನಸೋಣ. ಪ್ರಯೋಜಕನೆಂಬುದೇ ಅವನ ಹೆಸರಿನ ಅರ್ಥ. ಆದರೆ ಯಜಮಾನನಾದ ಫಿಲೆಮೋನನಿಗೆ ಅವನು ನಿಷ್ಪ್ರಯೋಜಕನಾಗಿದ್ದನು. ಸೆರೆಮನೆಯಲ್ಲಿದ್ದ ಪೌಲನು ಅವನಿಗಾಗಿ ಬರೆದ ಪತ್ರವು ೨೫ ವಚನಗಳು ಮಾತ್ರ. ಅಪೊಸ್ತಲನ ಪತ್ರಗಳಲ್ಲಿ ಅದೇ ಅತಿ ಚಿಕ್ಕದು. ಅದರಲ್ಲಿ ಆಳಿನ ತಪ್ಪುಗಳ ಪಟ್ಟಿಯಿಲ್ಲ. ಅವನನ್ನು ಸಹೋದರನಂತೆ ಸೇರಿಸಿಕೊಳ್ಳಬೇಕೆಂಬ ಬೇಡಿಕೆಯೂ, ಅವನ ಸಾಲವೇನಾದರೂ ಇದ್ದರೆ ನಾನೇ ತೀರಿಸುವೆನೆಂಬ ಮಾತೂ ಇವೆ. ಆ ಮಾತಿಗೆ ಪೌಲನು ಸ್ವಂತ ಕೈಯಿಂದ ರುಜುಹಾಕಿದನು. ಕೊಡುವ ಕೈ ಹಿಂದೆ ಇದ್ದದರಿಂದಲೇ ಆ ಕೆಲವು ಮಾತುಗಳಿಗೆ ಅಷ್ಟು ಭಾರವಿತ್ತು.

ಪ್ರಿಯರೇ, ದೇವರ ತೋಟದಲ್ಲಿ ನಾವೆಲ್ಲರೂ ಒನೇಸಿಮರೇ. ನಮ್ಮ ಸಾಲವನ್ನು ಕರ್ತನು ಮಾತಿನಿಂದಲ್ಲ, ಶಿಲುಬೆಯ ಮೇಲೆ ಪ್ರಾಣದಿಂದ ತೀರಿಸಿದನು. ಆದದರಿಂದ ನಾಳೆ ಬೆಳಿಗ್ಗೆ ಕತ್ತಿ ಹಿಡಿಯುವವನು ನೆವವನ್ನು ಮನೆಯಲ್ಲಿ ಬಿಟ್ಟು ಹೋಗಲಿ. ಕೂಲಿ ಕೊಡುವವನು ಸಾಯಂಕಾಲಕ್ಕೆ ಹಣವನ್ನು ಎಣಿಸಿಟ್ಟುಕೊಳ್ಳಲಿ. ಒಬ್ಬರ ಮೇಲೊಬ್ಬರಿಗೆ ದೂರಿದ್ದರೆ ಎದುರಾಗಿ, ಮೃದುವಾಗಿ, ಸ್ವಲ್ಪದರಲ್ಲಿ ಹೇಳಿ ಮುಗಿಸಲಿ. ಲೆಕ್ಕ ಕೇಳುವಾತನು ಬಂದಾಗ ಒಂದೇ ವಚನದಲ್ಲಿ ಉತ್ತರ ಕೊಡುವ ಭಾಗ್ಯವನ್ನು ಆತನು ನಮಗೆ ಅನುಗ್ರಹಿಸಲಿ. ಆಮೆನ್.