ರೊಟ್ಟಿ ಬಡಿದಾಕೆಯ ಉಪವಾಸ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಊಟವೆಂದರೆ ಮೊದಲು ಜೋಳದ ರೊಟ್ಟಿ. ಅನ್ನ ಅನಂತರದ ಮಾತು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಬಿಸಿನೀರಿನಲ್ಲಿ ನಾದಿ, ಅಂಗೈಯಿಂದ ಒಂದೊಂದನ್ನೇ ಬಡಿದು, ಹಂಚಿನ ಮೇಲೆ ನೀರು ಸವರಿ ಬೇಯಿಸಬೇಕು. ಗಂಗಾಳಗಳಿಗೆ ಬಿಸಿ ರೊಟ್ಟಿ ಬೀಳುತ್ತಿರುವವರೆಗೆ ಬಡಿಯುವಾಕೆ ಒಲೆಯ ಮುಂದಿನಿಂದ ಏಳುವಂತಿಲ್ಲ.

ಸೂರ್ಯಾಸ್ತಕ್ಕೆ ಮೊದಲೇ ಉಣ್ಣುವ ನಿಯಮವುಳ್ಳ ಶ್ರಾವಕರ ಮನೆಯಲ್ಲಿ ಇದೊಂದು ಧರ್ಮಸೂಕ್ಷ್ಮ. ಉಳಿದವರೆಲ್ಲ ಹೊತ್ತಿರುವಾಗಲೇ ಉಂಡು ಏಳುತ್ತಾರೆ. ಅಷ್ಟರಲ್ಲಿ ಹೊತ್ತು ಮುಳುಗಿದರೆ ರೊಟ್ಟಿ ಬಡಿದಾಕೆಗೆ ಅಂದು ಉಪವಾಸ. ಅದನ್ನು ಆಕೆಯ ತಪಸ್ಸೆಂದು ಹೊಗಳುವುದುಂಟು. ತಾನಾಗಿ ಬಿಟ್ಟದ್ದು ತ್ಯಾಗ ನಿಜ. ಇತರರ ನಾಲಗೆಯ ರುಚಿಗಾಗಿ ತಪ್ಪಿಹೋದದ್ದು ತ್ಯಾಗವೆನಿಸುವುದೆಂತು?

ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ 5 ಅತಿಚಾರಗಳನ್ನು ಹೇಳುತ್ತದೆ. ಅತಿಭಾರಾರೋಪಣವೂ ಅನ್ನಪಾನನಿರೋಧವೂ ಅವುಗಳಲ್ಲಿ ಸೇರಿವೆ. ಎತ್ತಿಗೆ ಮಿತಿಮೀರಿ ಹೊರೆ ಹೇರಬಾರದು, ಹೊತ್ತಿಗೆ ಸರಿಯಾಗಿ ಮೇವು ಹಾಕಬೇಕು ಎಂಬುದನ್ನು ಬಲ್ಲ ಮನೆ, ತಾಯಿಯ ವಿಷಯದಲ್ಲಿ, ಸೊಸೆಯ ವಿಷಯದಲ್ಲಿ ಅದನ್ನು ಮರೆಯಬಹುದೆ?

ಪರಿಹಾರ ದೂರವಿಲ್ಲ. ಅಂದೇ ಹಗಲಿನಲ್ಲಿ ಬಡಿದಿಟ್ಟ ರೊಟ್ಟಿಯೂ ಹೊಟ್ಟೆ ತುಂಬಿಸುತ್ತದೆ. ಗರಿಗರಿಯಾಗಿ ಒಣಗಿಸಿದ ಖಡಕ್ ರೊಟ್ಟಿಯಂತೂ ಈ ಸೀಮೆಯ ಹಳೆಯ ರೂಢಿ. ಬಿಸಿಯ ಆಸೆಯನ್ನು ಬಿಟ್ಟರೆ ಉಣ್ಣುವವರಿಗೂ ಸಂಯಮದ ಪಾಲು ದೊರೆತೀತು. ಬಸದಿಗಳ ಸಾಮೂಹಿಕ ಭೋಜನದಲ್ಲಿ ಅಡುಗೆಯವರ ಪಂಕ್ತಿಗೂ ಇದೇ ಮಾತು ಸಲ್ಲುತ್ತದೆ. ಹೊತ್ತು ಮುಳುಗುವ ಮುನ್ನ ಒಲೆಯ ಮುಂದಿದ್ದವರೂ ಉಂಡರೆ ಮಾತ್ರ ಆ ಮನೆಯ ನಿಯಮ ಪೂರ್ಣವಾದಂತೆ.